ಹೆಗಲಿದ್ದವರ ಸೋಮವಾರ

ನಾನು ಸೊಸೆಯಾಗಿ ಹೋದ ಮನೆಯಲ್ಲಿ ಎತ್ತುಗಳಿಗೆ ವಾರಕ್ಕೆ ಆರು ದಿನ ದುಡಿಮೆ, ಅತ್ತೆಗೆ ಏಳು ದಿನ. ಕೊಂಕು ತೆಗೆಯಲು ಈ ಮಾತು ಹೇಳುತ್ತಿಲ್ಲ, ಇದ್ದದ್ದೇ ಹಾಗೆ. ಎಂಬತ್ತರ ದಶಕದ ಆರಂಭದ ವರ್ಷಗಳವು. ನವಲಗುಂದ ತಾಲೂಕಿನ ಎರೆಹೊಲದ ಊರು. ನಮ್ಮ ಕಡೆಯ ಮನೆಗಳಲ್ಲಿ ದೊಡ್ಡ ಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗ, ಆಮೇಲೆ ಮೆಟ್ಟಿಲೇರಿ ಪಡಸಾಲೆ, ಅದರ ಹಿಂದೆ ಅಡುಗೆಮನೆ. ಹೊಸಿಲು ದಾಟಿದ ದಿನವೇ ನನಗೆ ಆ ಮನೆಯ ಹಿರಿತನದ ಸಾಲು ತಿಳಿದುಹೋಯಿತು. ಮೊದಲು ಎತ್ತು, ಆಮೇಲೆ ಗಂಡಸರು, ಒಲೆಯ ಮುಂದಿನವರು ಕೊನೆಗೆ.

ಸೋಮವಾರ ಬಸವಣ್ಣನ ವಾರ. ಅಂದು ನಮ್ಮ ಮಾವ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಅವರ ಅಪ್ಪ ಇಟ್ಟಿರಲಿಲ್ಲ, ಅವರ ಅಜ್ಜನೂ ಇಟ್ಟಿರಲಿಲ್ಲ. ಬೆಳಿಗ್ಗೆ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಮೈ ತೊಳೆಯುತ್ತಿದ್ದರು. ನೊಗವನ್ನು ಪಡಸಾಲೆಯ ಗೋಡೆಗೆ ಆನಿಸಿಟ್ಟು ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದು ಕೈಮುಗಿಯುತ್ತಿದ್ದರು. ಒಂದು ವರ್ಷ ಹೆಸರು ಬಿತ್ತುವ ಹದ ಸರಿಯಾಗಿ ಸೋಮವಾರವೇ ಕೂಡಿ ಬಂತು. ನೆಲ ಕರೆಯುತ್ತಿತ್ತು. ಮಾವ ಬಾಗಿಲಲ್ಲಿ ಕೂತು ಇಡೀ ದಿನ ಮುಗಿಲು ನೋಡಿದರೇ ಹೊರತು ಹೂಡಲಿಲ್ಲ. ಅಂಥ ಮನುಷ್ಯನ ಮೇಲೆ ನನಗೆ ಆಗಲೂ ಗೌರವವಿತ್ತು, ಈಗಲೂ ಇದೆ. ಆದರೆ ಎತ್ತುಗಳಿಗೆ ಸೂಟಿ ಎಂದರೆ ಗಂಡಸರು ದಿನವಿಡೀ ಮನೆಯಲ್ಲಿ, ಅವರು ಮನೆಯಲ್ಲಿದ್ದರೆ ಮೂರು ಹೊತ್ತೂ ಬಿಸಿ ರೊಟ್ಟಿ. ನನ್ನ ಮದುವೆಯ ನಂತರದ ಮೊದಲ ಸೋಮವಾರ ಎತ್ತುಗಳು ತೊಳೆದ ಮೈಯಲ್ಲಿ ನಿಂತು ಮೆಲುಕು ಹಾಕುತ್ತಿದ್ದವು, ಅತ್ತೆ ಬೆವರು ಸುರಿಸುತ್ತ ರೊಟ್ಟಿ ಬಡಿಯುತ್ತಿದ್ದರು. ಆ ಚಿತ್ರ ನನ್ನ ಕಣ್ಣಿನಿಂದ ಹೋಗಲಿಲ್ಲ.

ನನ್ನ ವಾರ ಬೇರೆಯಾಗಿತ್ತು. ನಾನು ಊರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಶನಿವಾರ ಮುಂಜಾನೆ ಶಾಲೆ, ಮಧ್ಯಾಹ್ನ ಬಿಡುವು, ಭಾನುವಾರ ಪೂರ್ತಿ ರಜೆ. ನನ್ನ ಯಜಮಾನರು ಅಣ್ಣಿಗೇರಿಯ ಅಡತಿ ಅಂಗಡಿಯಲ್ಲಿ ಕಾಳು ತೂಗಿಸುವ ಕೆಲಸದಲ್ಲಿದ್ದರು, ಅವರಿಗೂ ಭಾನುವಾರವೇ ಬಿಡುವು. ಹಿಟ್ಟಿನ ಗಿರಣಿಗೂ ವಾರಕ್ಕೊಂದು ದಿನ ಬಾಗಿಲು ಹಾಕುತ್ತಿದ್ದರು. ಒಂದೇ ಊರಿನಲ್ಲಿ ಇಷ್ಟು ನಮೂನೆಯ ವಾರಗಳಿದ್ದವು. ಅತ್ತೆಗೆ ಇವುಗಳಲ್ಲಿ ಯಾವುದೂ ಸೇರಿರಲಿಲ್ಲ.

ಒಮ್ಮೆ ಈ ಮಾತು ತೆಗೆದಾಗ ಅತ್ತೆ ನಕ್ಕುಬಿಟ್ಟರು.

"ನಮ್ಮತ್ತಿ ಕಾಲದಾಗ ವಾರ ಅಂತ ಎಲ್ಲಿದ್ವು ಯವ್ವಾ? ಅಮಾಸಿ ಬಂತು, ಹುಣ್ಣಿಮಿ ಬಂತು, ಅಷ್ಟ. ಕೋಳಿ ಕೂಗೂದ್ರಾಗ ಬೀಸೂ ಕಲ್ಲಿನ ಮುಂದ ಕುಂದರತಿದ್ಲು. ನನ್ನ ಕಾಲಕ್ಕ ಗಿರಣಿ ಬಂತು, ಬೀಸೂದು ತಪ್ಪಿತು. ಪುಣ್ಯಾ ಮಾಡೀನಿ ಅನ್ಕೊಂಡಿದ್ದೆ. ಆದ್ರ ಆ ಹೊತ್ತಿನ್ಯಾಗ ಬ್ಯಾರೆ ಕೆಲಸ ಬಂದು ಕುಂತು ಬಿಟ್ಟಿತು."

ಅವರು ಹೇಳಿದ ಮಾತನ್ನು ನಾನು ಆಮೇಲೆ ಬಹಳ ಸಲ ನೆನೆದಿದ್ದೇನೆ. ಹೆಣ್ಣುಮಕ್ಕಳ ಕೈಯಿಂದ ಒಂದು ಕೆಲಸ ಇಳಿದರೆ ಆ ಖಾಲಿ ಜಾಗಕ್ಕೆ ಇನ್ನೊಂದು ಕಾದು ಕೂತಿರುತ್ತದೆ. ಬಿಡುವು ತಾನಾಗಿ ಬರುವುದಿಲ್ಲ, ಯಾರಾದರೂ ಹಿಡಿದು ಎಳೆದು ತರಬೇಕು. ನನ್ನ ಮಗಳು ಈಗ ನೌಕರಿಯಲ್ಲಿದ್ದಾಳೆ, ವಾರಕ್ಕೆ ಎರಡು ದಿನ ರಜೆ. ಸಾಲದು ಎನ್ನುತ್ತಾಳೆ. ಸಾಲದು ಎನ್ನುವ ಧೈರ್ಯ ಅವಳಿಗೆ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತು, ಅದಕ್ಕೇ ಸುಮ್ಮನಿರುತ್ತೇನೆ.

ನಾನು ಹೋದ ಎರಡನೆಯ ವರ್ಷಕ್ಕೆ ಅತ್ತೆಯ ಬಲಗೈ ಹೆಗಲು ಹಿಡಿದುಕೊಂಡಿತು. ಜೋಳದ ರೊಟ್ಟಿ ಬಡಿದೂ ಬಡಿದೂ ಕೈ ಮೇಲೇಳದ ಹಾಗೆ ಆಯಿತು. ತಲೆ ಬಾಚಿ ತುರುಬು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ದಿನಾ ಶಾಲೆಗೆ ಹೋಗುವ ಮೊದಲು ನಾನೇ ಅವರ ಹಿಂದೆ ಕೂತು ತುರುಬು ಕಟ್ಟುತ್ತಿದ್ದೆ. ಅವರಿಗೆ ಅದು ನಾಚಿಕೆಯ ವಿಷಯ. "ಸೊಸಿ ಕಡಿಂದ ತಲಿ ಬಾಚಿಸ್ಕೊಳ್ಳೂ ಹಂಗಾತು ನನ್ನ ಬಾಳೆ" ಎಂದು ಕೂದಲು ಜಗ್ಗಿದ ಹಾಗೆಲ್ಲ ಗೊಣಗುತ್ತಿದ್ದರು. ನವಲಗುಂದದ ಡಾಕ್ಟರರು ಮುಲಾಮು ಕೊಟ್ಟು, ಕೈಗೆ ಆಗಾಗ ವಿಶ್ರಾಂತಿ ಕೊಡಿ ಎಂದಿದ್ದರು. ಮುಲಾಮು ಹಚ್ಚಿದ್ದಾಯಿತು. ವಿಶ್ರಾಂತಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಅದೇ ದಿನಗಳಲ್ಲಿ ಎಡಗಡೆಯ ಎತ್ತಿಗೂ ಹೆಗಲು ಬಾತಿತು. ಮಾವ ಬಿಸಿ ಅರಿಷಿಣ ಎಣ್ಣೆ ಹಚ್ಚಿದರು, ಬಾವು ಇಳಿಯುವ ತನಕ ಆ ಎತ್ತನ್ನು ನೊಗಕ್ಕೆ ಕಟ್ಟಲಿಲ್ಲ. ಆ ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಿ ಕೊಟ್ಟವರು ಅತ್ತೆಯೇ. ಎಡಗೈಯಿಂದ ಬಟ್ಟಲು ಹಿಡಿದುಕೊಂಡು ಬಂದರು. ನನಗೆ ಸಿಟ್ಟು ನೆತ್ತಿಗೇರಿತು. ಮಾವನ ಮುಂದೆ ಬಾಯಿ ತೆರೆಯುವ ವಯಸ್ಸು ನನ್ನದಲ್ಲ, ಹಾಗಾಗಿ ತುರುಬು ಕಟ್ಟುವಾಗ ಅತ್ತೆಯ ಮುಂದೆಯೇ ಕಾರಿದೆ.

"ನನಗೇನ ಬಂಗಾರ ಬ್ಯಾಡವ್ವಾ" ಎಂದರು. "ವಾರಕ್ಕ ಒಂದ ದಿನಾ ಒಲಿ ಮುಂದ ಕುಂದ್ರಲಾರದ ಇರಬೇಕು ಅನಸತೈತಿ. ಒಂದ ದಿನಾ."

ಅವರು ಬೇಡಿದ್ದು ಇಷ್ಟೇ. ಅದನ್ನು ಪಡೆದೇ ತೀರಬೇಕು ಎಂದು ನನಗೆ ಹಟ ಹುಟ್ಟಿತು.

ಬೇಸಿಗೆ ರಜೆ ಶುರುವಾಗಿತ್ತು. ನಮ್ಮ ಒಂದು ಹೊಲಕ್ಕೆ ಕರಿಕೆ ಹುಲ್ಲು ಹಬ್ಬಿ, ಅದರ ಬೇರು ಎತ್ತಿನ ನೇಗಿಲಿಗೆ ಬಗ್ಗುತ್ತಿರಲಿಲ್ಲ. ಊರಿಗೆ ಆಗ ಹೊಸದಾಗಿ ಟ್ರ್ಯಾಕ್ಟರ್ ಬಂದಿತ್ತು. ಒಂದು ಸಂಜೆ ಅದರ ಡ್ರೈವರ್ ಮನೆಗೆ ಬಂದು ಪಡಸಾಲೆಯಲ್ಲಿ ಕೂತ.

"ಉಳದ ದಿನಾ ಎಲ್ಲಾ ಬ್ಯಾರೆಯವ್ರು ಹೇಳ್ಯಾರ್ರಿ ಕಾಕಾ. ಸೋಮವಾರ ಅಷ್ಟ ಗಾಡಿ ಖಾಲಿ ಇರತೈತಿ. ನಮ್ಮೂರಾಗ ಸೋಮವಾರ ಯಾರೂ ಕರಿಯಂಗಿಲ್ಲ, ಅಂಜತಾರ."

ಮಾವ ಬಹಳ ಹೊತ್ತು ಯೋಚಿಸಿದರು. ಅಡಿಕೆ ಕತ್ತರಿಸಿದರು, ಎಲೆಗೆ ಸುಣ್ಣ ಹಚ್ಚಿದರು, ಹಾಕಿಕೊಳ್ಳಲಿಲ್ಲ. ಕೊನೆಗೆ ತೀರ್ಪು ಕೊಟ್ಟರು.

"ಅಂಜೂದು ಯಾಕ? ಸೋಮವಾರ ಇರೂದು ಹೆಗಲಿಗೆ. ಟ್ರ್ಯಾಕ್ಟರಿಗೆ ಏನು ಹೆಗಲ ಐತೇನು, ನೋಯಾಕ? ಹೆಗಲಿದ್ದವ್ರಿಗೆ ಅಷ್ಟ ಸೋಮವಾರ. ನೀ ತಗೊಂಡ ಬಾ."

ಡ್ರೈವರ್ ಎದ್ದು ಹೋದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲಗೆ ಕೇಳಿದರು.

"ಹಂಗಂದ್ರ ಸೋಮವಾರ ನನಗೂ ಸೂಟಿ ಆತಲ್ರಿ? ನನಗೂ ಹೆಗಲ ಅದಾವ. ಈ ಮನ್ಯಾಗ ಕೆಲವ್ರಿಗೆ ಕಾಣಂಗಿಲ್ಲ ಅಷ್ಟ."

ಮಾವ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ನೆನಪಾಗಿ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆದರೆ ಅವರು ಕೊಟ್ಟ ಉತ್ತರ ನಗುವಂಥದ್ದಾಗಿರಲಿಲ್ಲ.

"ಹುಚ್ಚಿ ಇದ್ದೀ ಏನ? ಹೆಣಾ ಬಿದ್ದ ಮನ್ಯಾಗ ಅಷ್ಟ ಒಲಿ ಹಚ್ಚಂಗಿಲ್ಲ. ಸುಮ್ಮಸುಮ್ಮನ ಮನಿಗೆ ಸೂತಕ ತರತೀಯೇನು?"

ನಮ್ಮ ಕಡೆ ಅದು ನಿಜ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಅಡುಗೆ ಮಾಡಿ ತಂದು ಉಣಿಸುತ್ತಾರೆ. ಹಾಗಾಗಿ ಮಾವನ ಮಾತಿಗೆ ಎದುರಾಡುವುದು ಸುಲಭವಿರಲಿಲ್ಲ. ಅತ್ತೆ ಒಳಗೆ ಹೋದರು. ಸೋತೆವು ಎಂದುಕೊಂಡೆ. ಮುಂದಿನ ಸೋಮವಾರ ಟ್ರ್ಯಾಕ್ಟರ್ ಬಂದು ಹೊಲ ಉತ್ತು ಹೋಯಿತು, ಅತ್ತೆ ಡ್ರೈವರನಿಗೂ ಸೇರಿಸಿ ರೊಟ್ಟಿ ಬಡಿದರು.

ಅದರ ಮರುದಿನ ತುರುಬು ಕಟ್ಟುವಾಗ ಅತ್ತೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. "ಮಾನವಮಿ ಖಂಡೇಪೂಜಿ ದಿನಾ ನಿಮ್ಮ ಮಾವ ಕುಡಗೋಲು ಮುಟ್ಟತಾರೇನು?"

"ಇಲ್ರೀ ಅತ್ತಿ. ಪೂಜಿ ಮಾಡಿದ್ದನ್ನ ಅವತ್ತ ಕದಲಸಂಗಿಲ್ಲಲಾ."

"ಹೌದಿಲ್ಲ?" ಎಂದರು. ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಹಬ್ಬಕ್ಕೆ ತವರಿನಿಂದ ಕರೆ ಬಂದ ಹೆಣ್ಣುಮಗಳ ಕಳೆ ಇತ್ತು ಅದರಲ್ಲಿ.

ಶನಿವಾರ ಮಧ್ಯಾಹ್ನ ನಾವಿಬ್ಬರೂ ಒಲೆಯ ಮುಂದೆ ಕೂತೆವು. ಹಿಟ್ಟು ನಾದಿ ಬಡಿಯುವ ಕೆಲಸ ನನ್ನದು, ಸುಡುವುದು ಅವರದು. ತೆಳ್ಳಗೆ ಬಡಿದು, ಹಂಚಿನ ಮೇಲೆ ಗರಿಗರಿಯಾಗುವ ತನಕ ಸುಟ್ಟು, ಕಡಕ್ ರೊಟ್ಟಿಯ ಬುಟ್ಟಿಯನ್ನೇ ತುಂಬಿಸಿದೆವು. ಶೇಂಗಾ ಚಟ್ನಿ, ಅಗಸಿ ಚಟ್ನಿ ಕುಟ್ಟಿಟ್ಟೆವು. ಭಾನುವಾರ ನಾನು ಅಡುಗೆಮನೆಗೆ ಕಾಲಿಡಹೋದರೆ ಅತ್ತೆ ತಡೆದರು.

"ಸಾಲಿ ಸೂಟಿ ಇದ್ರೂ ಐತಾರ ನಿಂದು. ಅದನ್ನ ಕಸಗೊಂಡು ನಾ ಸೂಟಿ ಮಾಡಂಗಿಲ್ಲ. ಹೋಗಿ ಮಕ್ಕೋ."

ಸೋಮವಾರ ಬೆಳಿಗ್ಗೆ ಮಾವ ನೊಗಕ್ಕೆ ಪೂಜೆ ಮಾಡಿ ಎತ್ತುಗಳನ್ನು ಕೆರೆಗೆ ಕರೆದುಕೊಂಡು ಹೋದರು. ಅವರು ಬಾಗಿಲು ದಾಟಿದ್ದೇ ತಡ, ಅತ್ತೆ ಬಾಗಿಲಿಗೆ ದೊಡ್ಡ ರಂಗೋಲಿ ಹಾಕಿದರು. ಸಾವಿನ ಮನೆಯ ಮುಂದೆ ರಂಗೋಲಿ ಇರುವುದಿಲ್ಲ, ಅದಕ್ಕೇ ಈ ಮುನ್ನೆಚ್ಚರಿಕೆ. ಆಮೇಲೆ ಕಬ್ಬಿಣದ ಹಂಚನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ತಂದು, ಪಡಸಾಲೆಯ ಗೋಡೆಗೆ ನೊಗದ ಬದಿಯಲ್ಲೇ ಆನಿಸಿಟ್ಟರು. ಮೂರು ಬೆರಳಿನಿಂದ ವಿಭೂತಿ ಎಳೆದರು, ಕುಂಕುಮ ಇಟ್ಟರು, ಹಿತ್ತಲಿನ ದಾಸವಾಳದ ಹೂವನ್ನು ಮೇಲಿಟ್ಟರು. ಅತ್ತೆ ಕೈಮುಗಿದು ಸೆರಗು ಹೊದ್ದು ಕಂಬಕ್ಕೆ ಒರಗಿ ಕೂತುಬಿಟ್ಟರು.

ಮಾವ ಬಂದರು. ಎತ್ತು ಕಟ್ಟಿದರು. ಮೇಲೇರಿದವರು ನೊಗ ನೋಡಿದರು, ಅದರ ಬಾಜು ನೋಡಿದರು.

"ಏನಿದು?"

"ಪೂಜಿ ಆಗೇತ್ರಿ. ಇವತ್ತ ಇನ್ನ ಕದಲಸಂಗಿಲ್ಲ."

ಮಾವ ಹಂಚಿನ ಕಡೆ ಕೈ ಚಾಚಿದರು. ಕೈ ಅರ್ಧ ದಾರಿಯಲ್ಲಿ ನಿಂತಿತು. ಹದ ಬಂದ ಹೊಲವನ್ನೇ ಸೋಮವಾರಕ್ಕೋಸ್ಕರ ಬಿಟ್ಟ ಮನುಷ್ಯ ವಿಭೂತಿ ಹಚ್ಚಿದ ಹಂಚನ್ನು ಎತ್ತಿ ಬೆಂಕಿಗೆ ಹೇಗೆ ಇಟ್ಟಾರು? ಕೈ ಹಿಂದೆ ತೆಗೆದುಕೊಂಡರು. ಚಹಾ ಆದರೂ ಸಿಗುತ್ತದೋ ಇಲ್ಲವೋ ಎಂದು ಕೇಳಿದರು. ನಾನು ಚಿಮಣಿ ಎಣ್ಣೆಯ ಸ್ಟೋ ಮೇಲೆ ಚಹಾ ಕಾಸಿ ಕೊಟ್ಟೆ. ಕುಡಿದು, ಯಾರ ಜೊತೆಗೂ ಮಾತಾಡದೆ, ಪಡಸಾಲೆಯಲ್ಲಿ ಉದ್ದಕ್ಕೆ ಮಲಗಿ ಟವೆಲ್ಲನ್ನು ಮುಖದ ಮೇಲೆ ಹೊದ್ದುಕೊಂಡರು. ಅದು ಅವರ ಮುನಿಸಿನ ರೀತಿ.

ನಾವು ರಂಗೋಲಿಯ ಯೋಚನೆ ಮಾಡಿದ್ದೆವು, ಹಿತ್ತಲಿನ ಯೋಚನೆ ಮಾಡಿರಲಿಲ್ಲ. ಹಿಂದಿನ ಮನೆಯ ಕಾಕು ದಿನಾ ನಮ್ಮ ಮಾಳಿಗೆಯ ಬೆಳಕಿಂಡಿಯ ಹೊಗೆ ನೋಡಿಯೇ ತನ್ನ ಒಲೆ ಹಚ್ಚುವವಳು. ಅಂದು ಬಿಸಿಲೇರಿದರೂ ಹೊಗೆ ಕಾಣಲಿಲ್ಲ. ಓಣಿಯಲ್ಲಿ ನಾಲ್ಕು ಜನಕ್ಕೆ ಹೇಳಿ, ಅನ್ನ ಸಾರು ಮಾಡಿಕೊಂಡು, ತಲೆ ತುಂಬ ಸೆರಗು ಹೊದ್ದು ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಮುಖದ ಮೇಲೆ ಬಟ್ಟೆ ಹೊದ್ದು ಅಲುಗಾಡದೆ ಮಲಗಿದ್ದ ನಮ್ಮ ಮಾವ, ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದ ನಮ್ಮ ಅತ್ತೆ.

ಬೋಗುಣಿಯನ್ನು ಜೋಪಾನವಾಗಿ ಕೆಳಗಿಟ್ಟು ಕಾಕು ಅಳಲು ಶುರುಮಾಡಿದಳು. "ಎಂಥಾ ದೇವರಂಥಾ ಮನಷ್ಯಾ, ಒಂದ ಮಾತು ಹೇಳಲಾರದ ಹ್ವಾದ್ಯೋ ನಮ್ಮಪ್ಪಾ..."

ಮಾವ ಟವೆಲ್ ಸರಿಸಿ ಎದ್ದು ಕೂತರು. "ಎಲ್ಲಿ ಹೋಗಿನಬೇ? ಇಲ್ಲೇ ಅದೀನಿ."

ಕಾಕು ಬಿಟ್ಟ ಕೂಗಿಗೆ ಎತ್ತುಗಳು ಬೆದರಿ ಹಗ್ಗ ಜಗ್ಗಿದವು. ಅಷ್ಟರಲ್ಲಿ ಮುಂದಿನ ಬಾಗಿಲಿನಿಂದಲೂ ಜನ ಬಂದರು. ರಂಗೋಲಿ ನೋಡಿ ಗೊಂದಲಕ್ಕೆ ಬಿದ್ದವರು, ಅಳು ಕೇಳಿ ಒಳಗೇ ನುಗ್ಗಿದವರು. ಓಣಿಯ ಹಿರಿಯರೊಬ್ಬರು ಪಡಸಾಲೆಯ ಅಂಚಿಗೆ ಕೂತು, ಮಾವನನ್ನು ಮೇಲಿಂದ ಕೆಳಗೆ ನೋಡಿ, ಬದುಕಿರುವುದನ್ನು ಖಾತ್ರಿ ಮಾಡಿಕೊಂಡು ಕೇಳಿದರು.

"ಎಲ್ಲಾರೂ ಅರಾಮ ಇದ್ದೀರಿ ಅಂದ ಮ್ಯಾಲೆ ಒಲಿ ಯಾಕ ಹಚ್ಚಿಲ್ಲ?"

ಎಲ್ಲರೂ ಮಾವನ ಮುಖವನ್ನೇ ನೋಡುತ್ತಿದ್ದರು. ಅವರು 'ಹಚ್ಚತಾರ, ಈಗ ಹಚ್ಚತಾರ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜನರ ಮುಂದೆ ಹೇಳಿದ ಮಾತನ್ನು ಮೀರುವ ಶಕ್ತಿ ಅತ್ತೆಗೂ ಇರಲಿಲ್ಲ, ನನಗಂತೂ ಇರಲೇ ಇಲ್ಲ. ಮತ್ತೆಂದೂ ಆ ಮಾತು ಎತ್ತುವ ಹಾಗಿರಲಿಲ್ಲ. ಅತ್ತೆ ಎಡಗೈಯಿಂದ ತಮ್ಮ ಬಲ ಹೆಗಲನ್ನು ಹಿಡಿದುಕೊಂಡಿದ್ದರು. ಅದು ಬೇಕೆಂದು ಮಾಡಿದ್ದಲ್ಲ, ಅಂಜಿಕೆಯಾದಾಗ ಅವರ ಕೈ ನೋವಿದ್ದಲ್ಲಿಗೇ ಹೋಗುತ್ತಿತ್ತು.

ಮಾವ ಆ ಕೈ ನೋಡಿದರು. ಆಮೇಲೆ ಗೋಡೆಗೆ ಆನಿಸಿದ್ದ ನೊಗ ನೋಡಿದರು, ಹಂಚು ನೋಡಿದರು. ಗಂಟಲು ಸರಿಮಾಡಿಕೊಂಡರು.

"ನಮ್ಮ ಮನ್ಯಾಗ ಸೋಮವಾರ ಹೆಗಲಿದ್ದವ್ರಿಗೆಲ್ಲಾ ಸೂಟಿ. ಎತ್ತಿಗೂ ಸೂಟಿ, ಇಕೀಗೂ ಸೂಟಿ. ಬಸವಣ್ಣನ ವಾರ ಅಂದ ಮ್ಯಾಲೆ ಪೂರಾ ಹಿಡೀಬೇಕು, ಅರ್ಧಾ ಹಿಡದರ ಹೆಂಗ? ನಿಮಗ ಇಷ್ಟ ವರ್ಷ ಆದರೂ ತಿಳದಿಲ್ಲೇನು?"

ಮುತ್ತಜ್ಜನ ಕಾಲದಿಂದ ನಡೆದು ಬಂದ ಪದ್ಧತಿಯನ್ನು ಹೇಳುವವರ ಗತ್ತಿನಲ್ಲಿ ಹೇಳಿದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಅಡುಗೆಮನೆಗೆ ಓಡಿಹೋಗಿ ತಣ್ಣಗಿದ್ದ ಒಲೆಯ ಮುಂದೆ ನಿಂತು ಎರಡನ್ನೂ ಮುಗಿಸಿಕೊಂಡು ಬಂದೆ. ಗೆದ್ದ ಖುಷಿ ಎಂದರೆ ಏನೆಂದು ನನಗೆ ಆ ದಿನ ಗೊತ್ತಾಯಿತು. ಹೊರಗೆ ಬಂದಾಗ ಕಾಕು ಹಂಚಿನ ಮುಂದೆ ಕೂತು ಅದರ ವಿಭೂತಿಯನ್ನೇ ನೋಡುತ್ತಿದ್ದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ತನ್ನ ಗಂಡನನ್ನು ನೋಡಿದಳು. ಅವನು ಎತ್ತಿಗೆ ನೀರು ಕುಡಿಸಬೇಕು ಎಂದು ಹೇಳಿ ಹೊರಟೇಹೋದ.

ಆ ಮಧ್ಯಾಹ್ನ ನಾವೆಲ್ಲ ಕಡಕ್ ರೊಟ್ಟಿ, ಮೊಸರು, ಚಟ್ನಿ, ಉಳ್ಳಾಗಡ್ಡಿ ತಿಂದೆವು. ನಮ್ಮ ಮಾವನ ಸಾವಿಗೆಂದು ಬಂದ ಅನ್ನ ಸಾರನ್ನು ನಮ್ಮ ಮಾವನೇ ಎರಡು ಸಲ ಹಾಕಿಸಿಕೊಂಡು ಉಂಡರು. ಅತ್ತೆ ಒಂದು ತುತ್ತು ಬಾಯಿಗಿಟ್ಟು, "ಬ್ಯಾರೆಯವ್ರ ಕೈಯಾನ ಅನ್ನ ಎಷ್ಟ ರುಚಿ ಇರತೈತಲ್ಲ" ಎಂದರು. ಆಮೇಲೆ ಕೌದಿ ಹಾಸಿಕೊಂಡು ಹಾಡಹಗಲಲ್ಲೇ ಮಲಗಿಬಿಟ್ಟರು. ಅವರು ಹಗಲಿನಲ್ಲಿ ನಿದ್ದೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬಾಯಿ ಸ್ವಲ್ಪ ತೆರೆದಿತ್ತು, ಗೊರಕೆ ಬರುತ್ತಿತ್ತು.

ಮೊದಮೊದಲು ಸೋಮವಾರ ಏನು ಮಾಡಬೇಕೆಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ಒಲೆ ನೋಡಿ, ತಿರುಗಿ ಬರುತ್ತಿದ್ದರು. ನಂತರ ರುಚಿ ಹತ್ತಿತು. ಕೆಂಪು ಬಸ್ಸು ಹತ್ತಿ ಕುಂದಗೋಳದ ಕಡೆ ಇದ್ದ ಅಕ್ಕನ ಮನೆಗೆ ಹೋಗಿ ಸಂಜೆ ತಿರುಗಿ ಬಂದರು. ಕಾಕುವನ್ನು ಕರೆದುಕೊಂಡು ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಹಂಚಿ ಬಂದರು. ಏನೂ ಇಲ್ಲದ ದಿನ ಕಟ್ಟೆಯ ಮೇಲೆ ಕೂತು ಹೋಗುವವರನ್ನು ಬರುವವರನ್ನು ಮಾತಾಡಿಸುತ್ತಿದ್ದರು. ಮಾವ ಗೊಣಗುವುದನ್ನು ಪೂರ್ತಿ ಬಿಡಲಿಲ್ಲ. ಕಡಕ್ ರೊಟ್ಟಿ ಹಲ್ಲಿಗೆ ಬಗ್ಗುವುದಿಲ್ಲ ಎಂದು ಪ್ರತಿ ವಾರ ಹೇಳಿ, ಪ್ರತಿ ವಾರ ಮೊಸರಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಕಾಕುವಿನ ಮನೆಯ ಹಂಚೂ ಗೋಡೆಗೆ ಒರಗಿತು. ಅವಳ ಗಂಡ ಎಷ್ಟು ಸಲ ಎತ್ತಿಗೆ ನೀರು ಕುಡಿಸಿಯಾನು? ಆಮೇಲೆ ಎದುರು ಮನೆ, ಮೂಲೆ ಮನೆ. ನಮ್ಮ ಓಣಿಯ ಮೇಲೆ ಸೋಮವಾರ ಹೊಗೆ ಕಾಣದಿದ್ದರೆ ಜನ ಅಳುತ್ತ ಬರುವುದು ನಿಂತುಹೋಯಿತು.

ಸುಗ್ಗಿಯ ಚಳಿ ಬಿದ್ದಿತ್ತು. ಒಂದು ಸೋಮವಾರ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ನಾನು ಎಂದಿನಂತೆ ಬಾಚಣಿಗೆ ಹಿಡಿದುಕೊಂಡು ಅತ್ತೆಯನ್ನು ಹುಡುಕುತ್ತ ಪಡಸಾಲೆಗೆ ಬಂದೆ. ಮಾವ ನೊಗದ ಪೂಜೆಗೆ ಕೂತಿದ್ದರು. ನೊಗಕ್ಕೆ ವಿಭೂತಿ ಎಳೆದರು. ನಂತರ ಯಾರೂ ಹೇಳದೆಯೇ ಪಕ್ಕಕ್ಕೆ ಸರಿದು, ಅದೇ ಮೂರು ಬೆರಳಿನಿಂದ ಹಂಚಿಗೂ ಎಳೆದು ಕೈಮುಗಿದರು. ನಾನು ಅತ್ತೆಯನ್ನು ನೋಡಿದೆ. ಅವರು ಕನ್ನಡಿಯ ಮುಂದೆ ನಿಂತು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಎತ್ತಿ, ತಮ್ಮ ತುರುಬನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು.

"ಆ ಬಾಚಣಿಗಿ ಇತ್ತ ತಾ" ಎಂದರು ಕನ್ನಡಿಯಿಂದಲೇ ನನ್ನನ್ನು ನೋಡಿ. "ಕುಂದರು, ಇವತ್ತ ನಿನ್ನ ತಲಿ ನಾ ಬಾಚತೀನಿ."